ದುಬೈಗೆ ಹೋದ ವಾಲ್ವ್ ಮುಂದ ಎಲ್ಲಿಗೆ ಹೊಂಟೈತಿ?

ಓದುಗರ ಪತ್ರ: "ತಾರಿಹಾಳ ಇಂಡಸ್ಟ್ರಿಯಲ್ ಏರಿಯಾದಾಗ ನಂದೊಂದು ಸಣ್ಣ ಮಶೀನ್ ಶಾಪ್ ಐತಿ. ದುಬೈದ ಟ್ರೇಡರ್ ಒಬ್ಬರು 140 ಗೇಟ್ ವಾಲ್ವ್ ಆರ್ಡರ್ ಕೊಟ್ಟಿದ್ರು. 80 ಕಳಿಸೀವಿ, 60 ಶೆಡ್ಡಿನ್ಯಾಗ ಪ್ಯಾಕ್ ಆಗಿ ಕುಂತಾವ. ಬಂದ ಡಾಲರ್ ಬ್ಯಾಂಕಿನ್ಯಾಗ ಸಿಕ್ಕೊಂಡೈತಿ. ಮಾಲು ಕಡೀಗೆ ಯಾರಿಗೆ ಹೋಗ್ತೈತಿ, ದುಡ್ಡು ಕಳಿಸಿದ ಕಂಪನಿ ಹೆಸರು ಬ್ಯಾರೆ ಯಾಕೈತಿ ಅಂತ ಕೇಳ್ತಾರ, ಅಮೆರಿಕದ ನಿರ್ಬಂಧದ ಮಾತು ತಗೀತಾರ. ನಾವು ಭಾರತದವರು, ತಗೊಂಡವರು ದುಬೈದವರು, ನಡುವ ಅಮೆರಿಕಕ್ಕೇನು ಕೆಲಸ? ಭಾರತ ವಿಶ್ವಸಂಸ್ಥೆಯ ನಿರ್ಬಂಧ ಅಷ್ಟ ಒಪ್ಪತೈತಿ ಅಂತ ನೀವ ಬರದಿದ್ರಿ. ಡ್ರಾಯಿಂಗಿನ ಝೆರಾಕ್ಸ್, ಇನ್ವಾಯ್ಸ್ ಇಟ್ಟೀನಿ, ಬ್ಯಾಂಕಿನವರಿಗೆ ಬುದ್ಧಿ ಬರೂ ಹಂಗ ಬರೀರಿ." – ನೊಂದ ಉದ್ಯಮಿ, ತಾರಿಹಾಳ

ಸಂಪಾದಕರ ಉತ್ತರ:

ಸಾಹುಕಾರ್ರ, ನಿಮ್ಮ ಸಿಟ್ಟಿನ್ಯಾಗ ಅರ್ಧ ನ್ಯಾಯ ಐತಿ, ಅದನ್ನ ಮೊದ್ಲ ಹೇಳಿಬಿಡ್ತೀನಿ. 2025ರ ಜುಲೈದಾಗ ಯುರೋಪಿನವರು ಗುಜರಾತದ ವಾಡಿನಾರ್ ರಿಫೈನರಿ ನಡಸೂ ನಯಾರಾ ಎನರ್ಜಿ ಮ್ಯಾಲೆ ನಿರ್ಬಂಧ ಹಾಕಿದ್ರು, ಅದರಾಗ ರಷ್ಯಾದ ತೈಲ ಕಂಪನಿ ರಾಸ್ನೆಫ್ಟಿನ ಪಾಲು ಐತಿ ಅಂತ. ನಾಕೈದು ದಿನದಾಗ ಮೈಕ್ರೋಸಾಫ್ಟಿನವರು ಆ ಕಂಪನಿಯ ಇಮೇಲ್ ಬಂದ್ ಮಾಡಿದ್ರು. ನಮ್ಮ ದೇಶದ ಕಂಪನಿ, ನಮ್ಮ ನೆಲದ ಮ್ಯಾಲೆ ಕೆಲಸ, ದುಡ್ಡು ಕೊಟ್ಟು ತಗೊಂಡ ಸಾಫ್ಟ್‌ವೇರ್, ಆದ್ರೂ ಬಂದ್. ನಯಾರಾದವರು ದೆಹಲಿ ಹೈಕೋರ್ಟಿಗೆ ಹೋದ್ರು, ಆಮ್ಯಾಲೆ ಸೇವೆ ವಾಪಸ್ ಬಂತು. ಅಷ್ಟು ದೊಡ್ಡ ರಿಫೈನರಿಗೆ ಕೋರ್ಟಿಗೆ ಹೋಗೂ ತಾಕತ್ತು ಇತ್ತು. ನಿಮಗೂ ನನಗೂ ವಕೀಲರ ಫೀ ಕೇಳಿದ್ರ ರಾತ್ರಿ ನಿದ್ದಿ ಬರಂಗಿಲ್ಲ.

ಈಗ ಅಮೆರಿಕಕ್ಕೇನು ಕೆಲಸ ಅನ್ನೂದಕ್ಕ ಬರ್ತೀನಿ. ನೀವು ಇನ್ವಾಯ್ಸ್ ಡಾಲರಿನ್ಯಾಗ ಮಾಡೀರಿ. ದುಬೈದ ಬ್ಯಾಂಕಿಂದ ನಿಮ್ಮ ಹುಬ್ಬಳ್ಳಿ ಬ್ರಾಂಚಿಗೆ ಆ ಡಾಲರ್ ನೆಟ್ಟಗ ಬರಂಗಿಲ್ಲ, ನಡುವ ನ್ಯೂಯಾರ್ಕಿನ ಯಾವುದರ ಬ್ಯಾಂಕಿನ ಖಾತೆ ದಾಟಿ ಬರ್ತೈತಿ, ಅದು ದಾಟೂದು ಒಂದು ಕ್ಷಣ ಇರಬಹುದು ಆದ್ರ ಆ ಕ್ಷಣಕ್ಕ ನಿಮ್ಮ ವ್ಯವಹಾರ ಅಮೆರಿಕದ ನೆಲದ ಮ್ಯಾಲೆ ಕಾಲಿಟ್ಟಂಗ. ಸಿಂಗಾಪುರದ ಸಿಎಸ್ಇ ಗ್ಲೋಬಲ್ ಕಥಿ ಇದ. ಅಮೆರಿಕದ ಕಂಪನಿ ಅಲ್ಲ. ಅದರ ಒಂದು ಅಂಗಸಂಸ್ಥೆ, ಅಮೆರಿಕ ನಿರ್ಬಂಧ ಹಾಕಿದ ಇರಾನಿನ ಕೆಲಸ ಹಿಡಿದು, ಸಪ್ಲಾಯರ್‌ಗಳಿಗೆ ಸಿಂಗಾಪುರದ ಬ್ಯಾಂಕಿಂದ 104 ಸಲ ಡಾಲರ್ ಕಳಸ್ತು, ಅದೂ ಬ್ಯಾಂಕಿಗೆ ಮೊದ್ಲ 'ಇರಾನ್ ವ್ಯವಹಾರ ನಿಮ್ಮ ಖಾತೆಯಿಂದ ಮಾಡೂದಿಲ್ಲ' ಅಂತ ಪತ್ರ ಬರದು ಕೊಟ್ಟು. 2017ರಾಗ ಅಮೆರಿಕದ ಖಜಾನೆ ಇಲಾಖೆಯೊಳಗ ನಿರ್ಬಂಧ ನೋಡಿಕೊಳ್ಳೂ ಓಫ್ಯಾಕ್ ಕಚೇರಿಗೆ 1.2 ಕೋಟಿ ಡಾಲರ್ ಕಟ್ಟಬೇಕಾತು. ಕಳಿಸಿದ್ದ ಒಟ್ಟು 1.1 ಕೋಟಿ ಚಿಲ್ಲರೆ. ನಿಮ್ಮ ಬ್ಯಾಂಕಿನ ಮ್ಯಾನೇಜರ್ ಹೆದರೂದು ಇದಕ್ಕ. ಅವನಿಗೆ ನಿಮ್ಮ ಮ್ಯಾಲೆ ದ್ವೇಷ ಇಲ್ರಿ.

ಇನ್ನ ನೀವು ಇಟ್ಟ ಡ್ರಾಯಿಂಗ್. ಅದನ್ನ ಟೇಬಲ್ ಲೈಟಿನ ಕೆಳಗ ಹಿಡಿದು ನೋಡ್ದೆ. ಬಲಗಡೆ ಕೆಳಗ ಟೈಟಲ್ ಬ್ಲಾಕ್ ಇರಬೇಕಾದ ಜಾಗ ಖಾಲಿ ಐತಿ. ಪ್ರಾಜೆಕ್ಟ್ ಹೆಸರಿಲ್ಲ, ಕ್ಲೈಂಟ್ ಹೆಸರಿಲ್ಲ. ಯಾರೋ ವೈಟ್ನರ್ ಬಳದು ಆಮ್ಯಾಲೆ ಝೆರಾಕ್ಸ್ ಹೊಡದಾರ, ವೈಟ್ನರಿನ ದಂಡಿ ಸಣ್ಣ ನೆರಳಿನಂಗ ಬಿದ್ದೈತಿ. ಮೂಲ್ಯಾಗ ಒಂದು ಅಂಕಿ ಅರ್ಧ ಉಳದೈತಿ, ಅದು ನಮ್ಮ ಅಂಕಿ ಅಲ್ಲ, ಇಂಗ್ಲಿಷಿಂದೂ ಅಲ್ಲ, ಇರಾನಿನ ಫಾರ್ಸಿ ಭಾಷಾದ ಐದರಂಗ ಕಾಣ್ತೈತಿ. ನಾ ತಪ್ಪಿರಬಹುದು. ಆದ್ರ ನಿಮ್ಮ ಟರ್ನರ್ ಆ ಹಾಳಿ ಮಶೀನಿಗೆ ಅಂಟಿಸಿಕೊಂಡು ವಾರಗಟ್ಟಲೆ ಕೆಲಸ ಮಾಡ್ಯಾನ, ನೀವು ದಿನಾ ಅದರ ಮುಂದ ಓಡಾಡೀರಿ, ಟೈಟಲ್ ಬ್ಲಾಕ್ ಯಾಕ ಖಾಲಿ ಐತಿ ಅಂತ ಒಂದು ಮಾತು ಕೇಳಲಿಲ್ಲ. ಡ್ರಾಯಿಂಗಿಂದ ಹೊಟ್ಟಿ ತುಂಬಸೂ ಮನಿಶಾಗ ಅದು ಕಾಣಲಿಲ್ಲ ಅಂದ್ರ ಯಾರು ನಂಬ್ತಾರ?

ನಿಮ್ಮನ್ನ ಬೈಯೂ ಹಕ್ಕು ನನಗಿಲ್ಲ ಬಿಡ್ರಿ. ಪತ್ರಿಕೆಗೆ ಬರೂಕಿಂತ ಮೊದ್ಲ ಗೋಕುಲ ರೋಡಿನ ಒಂದು ಕಂಪನಿಯ ಎಕ್ಸ್‌ಪೋರ್ಟ್ ಸೆಕ್ಷನ್ನಿನ್ಯಾಗ ಇದ್ದೆ. ಪ್ಲೈವುಡ್ ಪೆಟಿಗಿ ಮ್ಯಾಲೆ ಸ್ಟೆನ್ಸಿಲ್ ಇಟ್ಟು ಕರೇ ಬಣ್ಣ ಹೊಡಿಯೂ ಕೆಲಸ ನಂದ. ಒಂದಿನ ಲಾರಿ ಗೇಟಿಗೆ ಬಂದು ನಿಂತಾಗ ಮೇಲಿಂದ ಫೋನ್ ಬಂತು, ಪೆಟಿಗಿ ಮ್ಯಾಲೆ ಕಡೀ ಊರಿನ ಹೆಸರು ಅಳಸು, ಬರೇ ದುಬೈ ಬಂದರಿನ ಹೆಸರು 'ಜೆಬೆಲ್ ಅಲಿ' ಅಂತ ಇರ್ಲಿ ಅಂತ. ಥಿನ್ನರ್ ತಗೊಂಡು ನಾನ ಅಳಿಸಿದೆ. ಏನೂ ಆಗಲಿಲ್ಲ. ಮುಂದಿನ ಸಲ ಹೇಳೂದ ಬೇಕಾಗಲಿಲ್ಲ, ಮೊದ್ಲಿಂದ ಹಂಗ ಹೊಡದೆ.

ದುಬೈ ವಿಷಯಕ್ಕ ನಿಮಗ ಹತ್ತಿರದ ಕೇಸ್ ಎಪ್ಸಿಲಾನ್ ಎಲೆಕ್ಟ್ರಾನಿಕ್ಸ್. ಕ್ಯಾಲಿಫೋರ್ನಿಯಾದ ಕಂಪನಿ, ಕಾರಿನ ಸ್ಪೀಕರು, ಆಂಪ್ಲಿಫೈಯರ್ ಮಾರವರು. ದುಬೈದ ಡಿಸ್ಟ್ರಿಬ್ಯೂಟರ್ ಒಬ್ಬನಿಗೆ ಮಾಲು ಕೊಟ್ರು. ಆ ಡಿಸ್ಟ್ರಿಬ್ಯೂಟರಿನ ವೆಬ್‌ಸೈಟ್ ತಗದು ನೋಡಿದ್ರ ಅವನ ವ್ಯಾಪಾರ ಎಲ್ಲಾ ಇರಾನಿನ್ಯಾಗ ಅಂತ ಯಾರಿಗಾದ್ರೂ ತಿಳಿತಿತ್ತು. 2014ರಾಗ 40 ಲಕ್ಷ ಡಾಲರಿನಷ್ಟು ದಂಡ ಬಿತ್ತು, ಕೋರ್ಟಿಗೆ ಹೋದ್ರು, 2017ರಾಗ ಅಪೀಲು ಕೋರ್ಟ್ ಏನಂತು ಅಂದ್ರ ಮಾಲು ಇರಾನಿಗೆ ಮುಟ್ಟಿತು ಅಂತ ಸರ್ಕಾರ ಒಂದೊಂದು ಡಬ್ಬಿಗೂ ಸಾಕ್ಷಿ ತೋರಸೂ ಗರಜಿಲ್ಲ, ಅಲ್ಲಿಗೇ ಹೋಗ್ತೈತಿ ಅಂತ ತಿಳಕೊಳ್ಳಾಕ ಕಾರಣ ಇತ್ತಂದ್ರ ಸಾಕು ಅಂತು. ಕೆಲವು ಕನ್ಸೈನ್‌ಮೆಂಟಿನ ವಿಷಯಕ್ಕ ಮತ್ತೊಮ್ಮೆ ನೋಡ್ರಿ ಅಂತನೂ ಹೇಳ್ತು, ಕಡೀಗೆ 2018ರಾಗ 15 ಲಕ್ಷ ಡಾಲರಿಗೆ ರಾಜಿ ಆತು. 'ನನಗ ಗೊತ್ತಿರಲಿಲ್ಲ' ಅನ್ನೂ ಮಾತು ಅಲ್ಲಿ ನಡೀಲಿಲ್ಲ. ಈಗ ನಿಮ್ಮ ವೈಟ್ನರ್ ನೆನಪಿಸಿಕೊಳ್ರಿ.

ದೊಡ್ಡ ದಂಡ ಅಂದಕೂಡ್ಲೆ ಎಲ್ಲಾರೂ ಫ್ರಾನ್ಸಿನ ಬ್ಯಾಂಕು ಬಿಎನ್‌ಪಿ ಪಾರಿಬಾ ಹೆಸರು ಹೇಳ್ತಾರ, 2014ರಾಗ ಸುಮಾರು 890 ಕೋಟಿ ಡಾಲರ್. ಅದು ಬಿಡ್ರಿ, ಅದರಿಂದ ನಿಮಗ ಕಲಿಯೂದು ಏನೂ ಇಲ್ಲ. ಸಣ್ಣವು ನೋಡ್ರಿ. ಆ್ಯಪಲ್ ಕಂಪನಿ 2019ರಾಗ 4,66,912 ಡಾಲರ್ ಕಟ್ತು, ಸ್ಲೊವೇನಿಯಾದ ಒಂದು ಸಾಫ್ಟ್‌ವೇರ್ ಕಂಪನಿ ನಿರ್ಬಂಧದ ಪಟ್ಟಿಯೊಳಗ ಸೇರಿತ್ತು, ಆದ್ರ ಪಟ್ಟಿಯೊಳಗ ಹೆಸರಿನ ಕಡೀಗೆ 'ಡಿ.ಒ.ಒ.' (ನಮ್ಮ 'ಲಿಮಿಟೆಡ್' ಇದ್ದಂಗ) ಅಂತ ಇಂಗ್ಲಿಷಿನ ಸಣ್ಣ ಅಕ್ಷರ ಚುಕ್ಕಿ ಹಾಕಿ ಇತ್ತು, ಆ್ಯಪಲ್ ಲೆಕ್ಕದಾಗ ದೊಡ್ಡ ಅಕ್ಷರ ಚುಕ್ಕಿ ಇಲ್ದ ಇತ್ತು, ಅಷ್ಟಕ್ಕ ಅವರ ಕಂಪ್ಯೂಟರ್ ಎರಡೂ ಬ್ಯಾರೆ ಅಂತ ತಿಳಕೊಂತು. ಅಮೆಜಾನ್ 2020ರಾಗ 1,34,523 ಡಾಲರ್ ಕಟ್ತು, ನಿರ್ಬಂಧ ಇದ್ದ ಪ್ರದೇಶ ಕ್ರೈಮಿಯಾ ಅಂತ ಬರಿಯೂದಕ್ಕ ಗಿರಾಕಿಗಳು 'ಸಿ' ಬದಲಿ 'ಕೆ' ಹಾಕಿ ಬರದಿದ್ರು, ಸಿಸ್ಟಮ್ ಹಿಡೀಲಿಲ್ಲ. ಇದಕ್ಕ ನಗಬ್ಯಾಡ್ರಿ. 2014ರ ರಾಜ್ಯೋತ್ಸವಕ್ಕ ಸರ್ಕಾರ ನಮ್ಮೂರನ್ನ ಇಂಗ್ಲಿಷಿನ್ಯಾಗೂ ಹುಬ್ಬಳ್ಳಿ ಅಂತ ಮಾಡ್ತು, ನಿಮ್ಮ ಇನ್ವಾಯ್ಸಿನ ತಲಿ ಮ್ಯಾಲೆ ಇನ್ನೂ 'ಹುಬ್ಳಿ' ಐತಿ, ಕೆಳಗಿನ ಸೀಲಿನ್ಯಾಗ 'ಹುಬ್ಬಳ್ಳಿ' ಐತಿ. ಒಂದ ಊರು ಎರಡು ಹೆಸರು, ಒಂದ ಹಾಳಿ ಮ್ಯಾಲೆ. ನಿಮ್ಮ ದುಬೈದ ಗಿರಾಕಿದೂ, ದುಡ್ಡು ಕಳಿಸಿದ ಆ ಇನ್ನೊಂದು ಕಂಪನಿದೂ ಹೆಸರು ಎಷ್ಟು ನಮೂನಿ ಬರೀಬಹುದು ಅಂತ ಕುಂತು ಬರದು, ಒಂದೊಂದನ್ನೂ ಓಫ್ಯಾಕ್ ವೆಬ್‌ಸೈಟಿನ ಹುಡುಕೂ ಪುಟದಾಗ ಹಾಕಿ ನೋಡ್ರಿ, ದುಡ್ಡು ಹತ್ತಂಗಿಲ್ಲ. ಮಾಲಕ ಯಾರು ಅಂತನೂ ನೋಡ್ರಿ, ಪಟ್ಟಿಯೊಳಗ ಇದ್ದವರ ಪಾಲು ಅರ್ಧ ಅಥವಾ ಅದಕ್ಕಿಂತ ಹೆಚ್ಚಿದ್ರ ಆ ಕಂಪನಿ ಹೆಸರು ಪಟ್ಟಿಯೊಳಗ ಇಲ್ದಿದ್ರೂ ಅದೂ ನಿರ್ಬಂಧದಾಗ ಬಂದಂಗ.

ಇನ್ನೊಂದು ಕೇಸ್ ನಮ್ಮ ಉದ್ರಿ ವ್ಯವಹಾರದವರಿಗೆ ಎದಿಗೆ ನಾಟಬೇಕು. ನ್ಯೂಜೆರ್ಸಿಯ ಹ್ಯಾವರ್ಲಿ ಸಿಸ್ಟಮ್ಸ್ ಅಂತ ಸಣ್ಣ ಸಾಫ್ಟ್‌ವೇರ್ ಕಂಪನಿ, ರಾಸ್ನೆಫ್ಟಿಗೆ ಸಾಫ್ಟ್‌ವೇರ್ ಕೊಟ್ಟಿತ್ತು. ಮಾರಿದ್ದು ತಪ್ಪಲ್ಲ. ಆದ್ರ ಆಗಿನ ನಿಯಮದ ಪ್ರಕಾರ ರಾಸ್ನೆಫ್ಟಿಗೆ 90 ದಿನ ದಾಟಿ ಸಾಲ ಕೊಡೂ ಹಂಗಿರಲಿಲ್ಲ. ಟ್ಯಾಕ್ಸ್ ಕಾಗದ ಸರಿ ಇಲ್ಲ ಅಂತ ಬಿಲ್ಲು ಎಳೀತಾ ಹೋತು, ಬಾಕಿ 90 ದಿನ ದಾಟ್ತು, ದಾಟಿದ ಬಾಕಿ ಸಾಲ ಆತು. ಬ್ಯಾಂಕು ದುಡ್ಡು ವಾಪಸ್ ಕಳಿಸಿದಾಗ ಇವರು ಗಿರಾಕಿ ಮಾತು ಕೇಳಿ ಒಂದು ಇನ್ವಾಯ್ಸಿನ ತಾರೀಖು ತಿದ್ದಿ ಹೊಸಾದು ಕೊಟ್ರು. 2019ರಾಗ 75,375 ಡಾಲರ್ ದಂಡ. ನಿಮ್ಮ ಅಕೌಂಟಂಟ್ ಈಗ ನಿಮಗೇನು ಸಲಹೆ ಕೊಡ್ತಿರಬಹುದು ಅಂತ ನನಗ ಅಂದಾಜೈತಿ. 'ಸಾಹೇಬ್ರ, ಇನ್ವಾಯ್ಸ್ ಕ್ಯಾನ್ಸಲ್ ಮಾಡಿ ದುಡ್ಡು ಕಳಿಸಿದವರ ಹೆಸರಿಗೆ ಹೊಸಾದು ಮಾಡೋಣ' ಅಂತ. ಬ್ಯಾಡ್ರಿ. ಹಳೇ ಇನ್ವಾಯ್ಸ್ ಹಂಗ ಇರ್ಲಿ, ಬ್ಯಾಂಕಿಗೆ ಇದ್ದದ್ದು ಇದ್ದಂಗ ಹೇಳ್ರಿ. ತಾವಾಗೇ ಹೋಗಿ ಹೇಳಿಕೊಂಡವರಿಗೆ ಓಫ್ಯಾಕ್ ಸುದ್ದಾ ದಂಡದ ಲೆಕ್ಕ ಅರ್ಧದಿಂದ ಶುರು ಮಾಡ್ತೈತಿ.

ಭಾರತ ವಿಶ್ವಸಂಸ್ಥೆಯ ನಿರ್ಬಂಧ ಅಷ್ಟ ಒಪ್ಪತೈತಿ ಅಂತ ನಾ ಬರದಿದ್ದು ಖರೆ. ಅದು ಸರ್ಕಾರದ ನಿಲುವು. ಆದ್ರ ಆ ಮಾತು ಈಗ ನಿಮ್ಮನ್ನ ಉಳಸಂಗಿಲ್ಲ, ಯಾಕಂದ್ರ 2025ರ ಸೆಪ್ಟೆಂಬರ್ ಕಡೀಗೆ ಇರಾನ್ ಮ್ಯಾಲಿನ ವಿಶ್ವಸಂಸ್ಥೆಯ ಹಳೇ ನಿರ್ಬಂಧಗಳು ವಾಪಸ್ ಬಂದಾವ, ರಷ್ಯಾ ಚೀನಾ ಒಪ್ಪಲಿಲ್ಲ ಅದು ಬ್ಯಾರೆ ಮಾತು. ನಮ್ಮದೇ ಸರ್ಕಾರದ ವಿದೇಶ ವ್ಯಾಪಾರ ಕಚೇರಿ ಡಿಜಿಎಫ್‌ಟಿಯವರ ಸ್ಕೊಮೆಟ್ ಪಟ್ಟಿನೂ ಐತಿ, ಲೈಸೆನ್ಸ್ ಇಲ್ದ ರಫ್ತು ಮಾಡಬಾರದ ಮಾಲಿನ ಪಟ್ಟಿ ಅದು, ಕೆಮಿಕಲ್ ಪ್ಲಾಂಟಿಗೆ ಹಾಕೂ ನಿಕ್ಕಲ್ ಮಿಶ್ರಲೋಹದ ಕೆಲವು ವಾಲ್ವ್ ಅದರಾಗ ಬರ್ತಾವ, ನಿಮ್ಮವು ಕಾರ್ಬನ್ ಸ್ಟೀಲಿನವು ಅಂದ್ರ ಆ ಚಿಂತಿ ಇರ್ಲಿಕ್ಕಿಲ್ಲ, ಮಟೀರಿಯಲ್ ಸರ್ಟಿಫಿಕೇಟ್ ತಗದು ಖಾತ್ರಿ ಮಾಡಿಕೊಳ್ರಿ. ಬಾಜು ಶೆಡ್ಡಿನವರು ಬೇರಿಂಗು, ಸಿಎನ್‌ಸಿ ಲೇತ್ ರಫ್ತು ಮಾಡ್ತಿದ್ರ ಅವರಿಗೂ ಹೇಳ್ರಿ, ರಷ್ಯಾಕ್ಕ ಸುತ್ತು ಹಾದಿಯಿಂದ ಹೋಗಬಾರದು ಅಂತ ಅಮೆರಿಕ, ಯುರೋಪಿನವರು ಕಣ್ಣಿಟ್ಟ 50 ಎಚ್‌ಎಸ್ ಕೋಡಿನ್ಯಾಗ, ಅಂದ್ರ ಕಸ್ಟಮ್ಸಿನವರು ಮಾಲಿಗೆ ಕೊಡೂ ನಂಬರಿನ್ಯಾಗ, ಎರಡೂ ಅದಾವ. 2024ರ ಅಕ್ಟೋಬರ್ 30ಕ್ಕ ಅಮೆರಿಕ ಹಾಕಿದ ಪಟ್ಟಿಯೊಳಗ ಭಾರತದ 19 ಕಂಪನಿ ಇದ್ವು.

ಬ್ಯಾಂಕಿನವರಿಗೆ ಬುದ್ಧಿ ಹೇಳೂ ಪತ್ರ ನಾ ಬರಿಯಂಗಿಲ್ಲ, ಸಿಟ್ಟಾಗಬ್ಯಾಡ್ರಿ. ಅವರು ಕೇಳಿದ ಎರಡೂ ಪ್ರಶ್ನೆ ನೀವ ಆರ್ಡರ್ ತಗೊಳೂ ಮೊದ್ಲ ಕೇಳಬೇಕಾಗಿತ್ತು. ಶೆಡ್ಡಿನ್ಯಾಗಿನ 60 ವಾಲ್ವ್ ಸದ್ಯಕ್ಕ ಅಲ್ಲೇ ಇರ್ಲಿ, ಬಡ್ಡಿ ಬೆಳೀತೈತಿ, ಗೊತ್ತೈತಿ ನನಗ. ಇವತ್ತ ದುಬೈಗೆ ಮೇಲ್ ಹಾಕ್ರಿ, ವಾಟ್ಸಾಪ್ ಬ್ಯಾಡ, ಮೇಲ್: ವಾಲ್ವ್ ಕೂಡ್ರಸೂ ಪ್ಲಾಂಟಿನ ಹೆಸರು, ಊರು, ದೇಶ ಬರದು ಸಹಿ ಮಾಡಿ ಕಳಸ್ರಿ, ದುಡ್ಡು ಕಳಿಸಿದ ಕಂಪನಿಗೂ ನಿಮಗೂ ಸಂಬಂಧ ಏನು ತಿಳಸ್ರಿ, ಮತ್ತ ಟೈಟಲ್ ಬ್ಲಾಕ್ ಇರೂ ಒರಿಜಿನಲ್ ಡ್ರಾಯಿಂಗ್ ಕೊಡ್ರಿ. ಮೂರನೇದಕ್ಕ ಏನು ಉತ್ತರ ಬಂತು ಅಂತ ನನಗೂ ಒಂದು ಸಾಲು ಬರೀರಿ.