ಮನೆ ಹೋಯಿತು, ಹೆಂಡತಿ ಕಿಮೋ ಬೇಡ ಅನ್ನುತ್ತಾಳೆ

ಪ್ರಶ್ನೆ: ನಮ್ಮದು ಅಂಕೋಲಾ ತಾಲ್ಲೂಕಿನಲ್ಲಿ ಗಂಗಾವಳಿ ದಡದ ಹಳ್ಳಿ. ನಾನು ಗಾರೆ ಕೆಲಸದವನು. ಹೆಂಡತಿಗೆ 43 ವರ್ಷ, ಸ್ತನ ಕ್ಯಾನ್ಸರ್. ಆಪರೇಷನ್ ಆದ ಮೇಲೆ ಮಣಿಪಾಲದಲ್ಲಿ ಮೂರು ವಾರಕ್ಕೊಂದರಂತೆ ಎಂಟು ಕಿಮೋ ಹೇಳಿದ್ದರು. ಆಯುಷ್ಮಾನ್ ಕಾರ್ಡಿನಲ್ಲಿ ಐದು ಮುಗಿದಿದ್ದವು. ಆರನೆಯದಕ್ಕೆ ಹೊರಡಬೇಕು ಅನ್ನುವಾಗ, ಜುಲೈ 16ರಂದು ಶಿರೂರಿನಲ್ಲಿ ಗುಡ್ಡ ಕುಸಿದು ಹೆದ್ದಾರಿ ಬಂದ್ ಆಯಿತು. ಮಣ್ಣು ನದಿಗೆ ಬಿದ್ದು ನೀರು ಉಕ್ಕಿ ನಮ್ಮ ಮನೆಯ ಹಿಂಗೋಡೆ ಹೋಯಿತು. ಫೈಲು, ರೇಷನ್ ಕಾರ್ಡು ಎಲ್ಲ ಕೆಸರುಪಾಲು. ಅವಳು ಅಂಕೋಲಾ ಪೇಟೆಯಲ್ಲಿ ತಮ್ಮನ ಮನೆಯಲ್ಲಿದ್ದಳು. ಈ ಸ್ಥಿತಿಯಲ್ಲಿ ಯಾಕೆ ನೋವು ಕೊಡುವುದು ಎಂದು ‘ಮನೆಗೆ ಏನೂ ಆಗಿಲ್ಲ’ ಅಂದುಬಿಟ್ಟೆ. ವಾಟ್ಸ್‌ಆ್ಯಪ್‌ನಲ್ಲಿ ಬಂದ ವಿಡಿಯೋದಲ್ಲಿ ಅವಳು ನಮ್ಮದೇ ಮನೆ ನೋಡಿದಳು. ಈಗ ದಾರಿ ಬಿಟ್ಟಿದ್ದಾರೆ, ಅವಳು ಬರಲೊಲ್ಲಳು. ‘ನಂಗೆ ಸಾಕು. ಆ ದುಡ್ಡಲ್ಲಿ ಮನೆ ಕಟ್ಟಿ’ ಅನ್ನುತ್ತಾಳೆ. ಮೊನ್ನೆ ರೇಗಿ, ‘ಮಗಳನ್ನ ಯಾರ ಕೈಗೆ ಹಾಕಿ ಹೋಗ್ತೀಯಾ’ ಎಂದು ಕೂಗಿದೆ. ಅಂದಿನಿಂದ ಮಾತಿಲ್ಲ. ಅವಳ ತೋಳಿನ ಪಿಕ್ ಲೈನಿನ ಪಟ್ಟಿಯನ್ನು ಕುಮಟಾದಲ್ಲಿ ಒಬ್ಬರು ನರ್ಸ್ ವಾರಕ್ಕೊಮ್ಮೆ ಬದಲಾಯಿಸುತ್ತಿದ್ದರು. ಗುಡ್ಡ ಬಿದ್ದಾಗಿನಿಂದ ಅದೂ ಹಾಗೇ ಇದೆ, ಅಂಚು ಎದ್ದಿದೆ. ಏನು ಮಾಡಲಿ?

ಉತ್ತರ: ನೀವು ಕೊನೆಯಲ್ಲಿ ಬರೆದ ಸಾಲಿನಿಂದಲೇ ಶುರು ಮಾಡುತ್ತೇನೆ. ಉಳಿದದ್ದೆಲ್ಲ ಎರಡು ದಿನ ಕಾಯಬಹುದು, ಅದು ಕಾಯುವುದಿಲ್ಲ. ಪಿಕ್ ಲೈನ್ ಅಂದರೆ ತೋಳಿನಿಂದ ಹೊರಟು ಹೃದಯದ ಹತ್ತಿರದ ದೊಡ್ಡ ರಕ್ತನಾಳದವರೆಗೆ ಹೋಗಿರುವ ಕೊಳವೆ. ಅದರ ಬಾಯಿಗೆ ಹಾಕಿದ ಪಟ್ಟಿಯನ್ನು ವಾರಕ್ಕೊಮ್ಮೆ ಬದಲಿಸಬೇಕು, ಒದ್ದೆಯಾದರೆ ಅಥವಾ ಅಂಚು ಬಿಟ್ಟರೆ ಅಂದೇ ಬದಲಿಸಬೇಕು. ಕಿಮೋ ತೆಗೆದುಕೊಂಡ ಮೈಗೆ ಸೋಂಕು ತಡೆಯುವ ಬಲ ಕಡಿಮೆ. ನೀವು ಮನೆಯಲ್ಲಿ ಬಿಚ್ಚಲು ಹೋಗಬೇಡಿ. ಇವತ್ತೇ ಮಣಿಪಾಲದ ಕಿಮೋ ವಾರ್ಡಿಗೆ ಫೋನ್ ಮಾಡಿ, ಹತ್ತಿರದಲ್ಲಿ ಎಲ್ಲಿ ಮಾಡಿಸಬಹುದು ಎಂದು ಕೇಳಿ. ಕೊಳವೆಯ ಸುತ್ತ ಕೆಂಪಾಗಿದ್ದರೆ, ಕೀವು ಕಂಡರೆ, ತೋಳು ಬಾತರೆ, ಚಳಿ ನಡುಕ ಬಂದರೆ, ಜ್ವರ 100.4 ಡಿಗ್ರಿ ಮುಟ್ಟಿದರೆ ಯಾರ ಅನುಮತಿಯನ್ನೂ ಕಾಯದೆ 108ಕ್ಕೆ ಕರೆ ಮಾಡಿ. ಕಾರವಾರದ ಸರ್ಕಾರಿ ಮೆಡಿಕಲ್ ಕಾಲೇಜು ಆಸ್ಪತ್ರೆಗೆ ಹೋಗಲು ಶಿರೂರು ದಾಟಬೇಕಿಲ್ಲ. ಬಾಗಿಲಲ್ಲೇ ‘ಕಿಮೋ ನಡೀತಿದೆ, ಪಿಕ್ ಲೈನ್ ಇದೆ’ ಅನ್ನಿ. ಪ್ಯಾರಸಿಟಮಾಲ್ ಕೊಟ್ಟು ಬೆಳಿಗ್ಗೆ ನೋಡೋಣ ಅನ್ನುವ ಜ್ವರ ಇದಲ್ಲ.

ಅದೇ ಫೋನಿನಲ್ಲಿ ಇನ್ನೂ ಕೆಲವು ಕೆಲಸ ಮುಗಿಯುತ್ತವೆ. ಫೈಲು ಕೆಸರಾದರೂ ಚಿಕಿತ್ಸೆಯ ದಾಖಲೆ ಆಸ್ಪತ್ರೆಯಲ್ಲಿದೆ. ಅವರ ಆಸ್ಪತ್ರೆ ನಂಬರು ನಿಮ್ಮ ಮೊಬೈಲಿನ ಹಳೆಯ ಮೆಸೇಜುಗಳಲ್ಲಿ ಸಿಕ್ಕೀತು, ಇಲ್ಲದಿದ್ದರೆ ಹೆಸರು, ಕಿಮೋ ಆದ ತಾರೀಕು ಹೇಳಿದರೂ ಹುಡುಕಿ ಕೊಡುತ್ತಾರೆ. ಇದುವರೆಗೆ ಯಾವ ಔಷಧ, ಎಷ್ಟು ಪ್ರಮಾಣ, ಎಂದು ಕೊಟ್ಟರು ಎಂಬುದರ ಒಂದು ಪುಟದ ಸಾರಾಂಶ ಬೇಕು ಎಂದು ಕೇಳಿ, ಅದರ ಫೋಟೋ ಮಗಳ ಫೋನಿನಲ್ಲೂ ಇರಲಿ. ಮಳೆಗಾಲ ಇನ್ನೂ ಮುಗಿದಿಲ್ಲ. ನಾಳೆ ಮತ್ತೆ ದಾರಿ ಮುಚ್ಚಿದರೆ ಒಂದು ಸುತ್ತು ಹುಬ್ಬಳ್ಳಿಯಲ್ಲಿ ಕೊಡಿಸಬಹುದೇ ಎಂದು ಡಾಕ್ಟರನ್ನು ಈಗಲೇ ಕೇಳಿಟ್ಟುಕೊಳ್ಳಿ. ಆ ಒಂದು ಪುಟವಿಲ್ಲದೆ ಬೇರೆ ಆಸ್ಪತ್ರೆಯವರು ಸೂಜಿ ಮುಟ್ಟುವುದಿಲ್ಲ.

ತಡವಾದದ್ದಕ್ಕೆ ಹೆದರಿದ್ದೀರಿ. ಬಿಳಿ ರಕ್ತಕಣ ಇಳಿದಾಗ ಡಾಕ್ಟರೇ ಒಂದು ವಾರ ಮುಂದಕ್ಕೆ ಹಾಕುವುದು ಮಾಮೂಲು. ನಿಮ್ಮದು ಅದಕ್ಕಿಂತ ಉದ್ದವಾಗಿದೆ, ಆದ್ದರಿಂದ ಮುಂದಿನ ಲೆಕ್ಕ ಅವರೇ ಹೇಳಬೇಕು. ಆದರೆ ತಡವಾಗುವುದೇ ಬೇರೆ, ಬಿಟ್ಟುಬಿಡುವುದೇ ಬೇರೆ. ‘ಹೇಗೂ ತಪ್ಪಿಹೋಯಿತಲ್ಲ’ ಎಂಬ ಮಾತು ಮನೆಯಲ್ಲಿ ಬೇಡ.

ಇನ್ನು ಅವರ ‘ಸಾಕು’. ನೀವು ಅದನ್ನು ಚಿಕಿತ್ಸೆಗೆ ಹೇಳಿದ ಮಾತೆಂದು ಕೇಳಿದ್ದೀರಿ. ನಿಮ್ಮ ಕಾಗದ ಓದಿದ ಮೇಲೆ ನನಗೆ ಹಾಗನ್ನಿಸುತ್ತಿಲ್ಲ. ಐದು ಕಿಮೋ ಮುಗಿಸಿದ ಹೆಂಗಸು ಅವರು. ಕೂದಲು ಹೋದಾಗ ಬೇಡ ಅನ್ನಲಿಲ್ಲ, ವಾಂತಿಗೆ ಬೇಡ ಅನ್ನಲಿಲ್ಲ, ಆ ವಿಡಿಯೋ ನೋಡಿದ ಮೇಲೆ ಅಂದರು. ತಾನು ಕಟ್ಟಿ ಬೆಳೆಸಿದ ಮನೆ ಬಿದ್ದದ್ದು ಊರಿಗೆಲ್ಲ ಗೊತ್ತು, ತನಗೆ ಮಾತ್ರ ಹೇಳಲಿಲ್ಲ. ಸಂಸಾರದ ಕಷ್ಟ ಹೊರುವವರ ಸಾಲಿನಿಂದ ತನ್ನನ್ನು ತೆಗೆದುಹಾಕಿದ್ದಾರೆ, ಈಗ ತಾನು ಬರೀ ಖರ್ಚು ಎಂದು ಅವರಿಗೆ ಅನ್ನಿಸಿರಬೇಕು. ‘ಆ ದುಡ್ಡಲ್ಲಿ ಮನೆ ಕಟ್ಟಿ’ ಅನ್ನುವಾಗ ಅವರು ಮನೆಗೆ ಕೊಡಲು ಉಳಿದಿರುವ ಒಂದೇ ಒಂದನ್ನು ಕೊಡುತ್ತಿದ್ದಾರೆ. ಅದಕ್ಕೆ ಉತ್ತರವಾಗಿ ಮಗಳ ಹೆಸರೆತ್ತಿ ಕೂಗಿದರೆ ಎಷ್ಟು ನೋಯುತ್ತದೆ, ಯೋಚಿಸಿ.

ಮೊದಲು ಆ ಸುಳ್ಳಿಗೆ ಕ್ಷಮೆ ಕೇಳಿ. ‘ಮನೆ ವಿಷಯ ನಿನ್ನಿಂದ ಮುಚ್ಚಿಟ್ಟೆ, ತಪ್ಪಾಯಿತು.’ ಅಷ್ಟೇ ಸಾಕು. ‘ನಿನ್ನ ಒಳ್ಳೆಯದಕ್ಕೇ’ ಎಂಬ ಬಾಲ ಸೇರಿಸಿದರೆ ಕ್ಷಮೆ ಹೋಗಿ ವಾದವಾಗುತ್ತದೆ. ಮಗಳ ಮಾತಿಗೂ ಹಾಗೆಯೇ.

ಆಮೇಲೆ ಮನೆಯ ಲೆಕ್ಕ ಅವರ ಕೈಗೆ ಕೊಡಿ. ಪರಿಹಾರದ ಅರ್ಜಿಗೆ ಹೋದ ಸಾಮಾನಿನ ಪಟ್ಟಿ ಬರೆಯಬೇಕಲ್ಲ, ಅಡುಗೆಮನೆಯಲ್ಲಿ ಏನಿತ್ತು, ಎಷ್ಟು ಅಕ್ಕಿ, ಯಾವ ಪಾತ್ರೆ, ಮಿಕ್ಸಿ ಎಂದು ತಂದದ್ದು, ಇದು ನಿಮಗೆ ಅರ್ಧವೂ ಗೊತ್ತಿರುವುದಿಲ್ಲ. ಅವರು ಹೇಳಲಿ, ಮಗಳು ಬರೆಯಲಿ. ಪಂಚನಾಮೆಗೆ ಗ್ರಾಮ ಆಡಳಿತ ಅಧಿಕಾರಿ ಬಂದು ಏನು ಬರೆದುಕೊಂಡರು ಎಂಬುದನ್ನೂ ಅಂದಂದೇ ತಿಳಿಸಿ. ಕೆಟ್ಟ ಸುದ್ದಿಯಿದ್ದರೂ ತಿಳಿಸಿ. ಆದರೆ ಕೆಸರು ತೊಳೆಯಲು ಮಾತ್ರ ಅವರು ಬರಕೂಡದು. ನೆರೆ ನಿಂತ ಮನೆಯಲ್ಲಿ ಬೂಷ್ಟು, ಇಲಿ ಜ್ವರದ ಭಯ ಎರಡೂ ಇವೆ. ಕುಡಿಯುವ ನೀರು ಕುದಿಸಿಯೇ ಆಗಬೇಕು.

ದುಡ್ಡಿನ ಮಾತನ್ನು ಹಾರಿಸಬೇಡಿ, ಎದುರಿಗೆ ಕೂತು ಲೆಕ್ಕ ಹಾಕಿ. ಆಯುಷ್ಮಾನ್ ಭಾರತ್–ಆರೋಗ್ಯ ಕರ್ನಾಟಕದಲ್ಲಿ ಬಿಪಿಎಲ್ ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷದವರೆಗಿನ ಚಿಕಿತ್ಸೆ ಸಿಗುತ್ತದೆ. ಕಿಮೋ ಬಿಟ್ಟರೆ ಆ ಹಣ ಗೋಡೆಗೆ ಬರುವುದಿಲ್ಲ, ಸರ್ಕಾರದಲ್ಲೇ ಉಳಿಯುತ್ತದೆ. ಇದನ್ನು ಅವರಿಗೆ ಯಾರೂ ಬಿಡಿಸಿ ಹೇಳಿರಲಿಕ್ಕಿಲ್ಲ. ಅವರ ಕಣ್ಣಿಗೆ ಬೀಳುತ್ತಿರುವುದು ಬಸ್ ಚಾರ್ಜು, ರೂಮ್ ಬಾಡಿಗೆ, ನಿಮ್ಮ ತಪ್ಪಿಹೋದ ಕೂಲಿ. ಅದು ನಿಜವಾದ ಖರ್ಚೇ. ಆಸ್ಪತ್ರೆಯಿಂದ ರೈಲ್ವೆ ನಮೂನೆಯ ಪ್ರಮಾಣಪತ್ರ ಬರೆಸಿಕೊಂಡರೆ ಸ್ಲೀಪರ್‌ನಲ್ಲಿ ಕ್ಯಾನ್ಸರ್ ರೋಗಿಗೆ ಟಿಕೆಟ್ ದರ ಪೂರ್ತಿ ಮಾಫಿ, ಜೊತೆಗಿರುವ ಒಬ್ಬರಿಗೆ ಶೇ 75 ರಿಯಾಯಿತಿ. ಅಂಕೋಲಾದಲ್ಲಿ ಹತ್ತಿ ಉಡುಪಿಯಲ್ಲಿ ಇಳಿದರೆ ಆ ಗುಡ್ಡದ ಬುಡದ ರಸ್ತೆಯಲ್ಲಿ ಜೀವ ಕೈಯಲ್ಲಿ ಹಿಡಿದು ಹೋಗುವುದೂ ತಪ್ಪುತ್ತದೆ. ಅವರಿಗೆ ಆ ದಾರಿಯ ಭಯವೂ ಇರಬಹುದು, ಕೇಳಿ ನೋಡಿ. ಇಡೀ ಉತ್ತರ ಕನ್ನಡದ ಜನ ದೊಡ್ಡ ಕಾಯಿಲೆಗೆ ಮಣಿಪಾಲ, ಮಂಗಳೂರು, ಹುಬ್ಬಳ್ಳಿ, ಗೋವಾ ಎಂದು ಅಲೆಯುತ್ತಿದ್ದಾರೆ. ಜಿಲ್ಲೆಗೊಂದು ಸೂಪರ್ ಸ್ಪೆಷಾಲಿಟಿ ಆಸ್ಪತ್ರೆ ಕೊಡಿ ಎಂದು ವರ್ಷಗಳಿಂದ ಕೇಳುತ್ತಲೇ ಇದ್ದಾರೆ. ನಿಮ್ಮ ಹೆಂಡತಿಯ ಆರನೆಯ ಕಿಮೋ ತಪ್ಪಿದ್ದು ಮಳೆಯೊಂದರಿಂದಲೇ ಅಲ್ಲ. ಅದರ ಹೊಣೆ ನಿಮ್ಮ ತಲೆಯ ಮೇಲೆ ಎಳೆದುಕೊಳ್ಳಬೇಡಿ.

ಕಿಮೋ ಮುಗಿದ ಮೇಲೆ ರೇಡಿಯೇಷನ್ ಹೇಳಿದ್ದರೆ ಆ ಕೆಲವು ವಾರ ಮಣಿಪಾಲದ ಹತ್ತಿರವೇ ಉಳಿಯುವ ಏರ್ಪಾಡು ಮಾಡಿ. ಅದು ವಾರಕ್ಕೆ ಐದು ದಿನ ನಡೆಯುವ ಚಿಕಿತ್ಸೆ, ನಡುವೆ ಕಡಿದುಹೋಗಬಾರದು. ಅಮೆರಿಕದಲ್ಲಿ ಚಂಡಮಾರುತದಿಂದ ರೇಡಿಯೇಷನ್‌ಗೆ ಅಡ್ಡಿಯಾದ ಶ್ವಾಸಕೋಶ ಕ್ಯಾನ್ಸರ್ ರೋಗಿಗಳ ಬಗ್ಗೆ 2019ರಲ್ಲಿ ಒಂದು ಅಧ್ಯಯನ ಬಂತು. ಅಡ್ಡಿಯಿಲ್ಲದೆ ಮುಗಿಸಿದವರಷ್ಟು ಕಾಲ ಅವರು ಬದುಕಲಿಲ್ಲ. ನಿಮ್ಮವರ ಕಾಯಿಲೆ ಬೇರೆ, ಆದರೂ ಎಚ್ಚರಿಕೆ ಅದೇ. ಕಡಿಮೆ ದರದ ವಸತಿ ಎಲ್ಲಿದೆ ಎಂದು ಆಸ್ಪತ್ರೆಯ ಸಮಾಜ ಸೇವಾ ವಿಭಾಗದಲ್ಲಿ ಈಗಲೇ ವಿಚಾರಿಸಿ.

ನಿಮ್ಮ ಬಗ್ಗೆ ನೀವು ಒಂದು ಸಾಲೂ ಬರೆದಿಲ್ಲ. ಬೇರೆಯವರ ಗೋಡೆ ಕಟ್ಟುವ ಕೈಗೆ ತನ್ನ ಗೋಡೆ ಬಿದ್ದದ್ದನ್ನು ನೋಡಬೇಕಾಯಿತು. ಆ ಸಂಕಟವನ್ನು ಹೆಂಡತಿಯ ಮುಂದೆ ತೋರಿಸಿದರೆ ಅವರು ಕುಸಿಯುವುದಿಲ್ಲ. ರಾತ್ರಿ ನಿದ್ದೆ ಬಾರದಿದ್ದರೆ 14416ಕ್ಕೆ ಕರೆ ಮಾಡಿ. ಟೆಲಿ ಮಾನಸ್‌ನವರು ಕನ್ನಡದಲ್ಲೇ, ಯಾವ ಹೊತ್ತಿನಲ್ಲಾದರೂ ಮಾತಾಡುತ್ತಾರೆ. ಮುಂದಿನ ಸಲ ಮಣಿಪಾಲಕ್ಕೆ ಭಾವಮೈದುನನೂ ಜೊತೆಗೆ ಬರಲಿ.

ಇಷ್ಟೆಲ್ಲ ಆದ ಮೇಲೂ ಅವರು ಬೇಡವೆಂದರೆ? ಆಗ ಡಾಕ್ಟರ ಎದುರಿಗೆ ಅವರೇ ಹಾಗೆಂದು ಹೇಳಲಿ. ಉಳಿದ ಮೂರು ಕಿಮೋದಿಂದ ತನಗೆ ಏನು ಸಿಗುತ್ತದೆ, ಬಿಟ್ಟರೆ ಏನು ಕಳೆದುಕೊಳ್ಳುತ್ತೇನೆ ಎಂದು ಅವರೇ ಕೇಳಲಿ. ಕೈಕಾಲಿನ ಜೋಮೋ, ನಿದ್ದೆಗೆಡಿಸುವ ನೋವೋ, ನಿಮ್ಮಿಂದ ಮುಚ್ಚಿಟ್ಟದ್ದು ಅವರಲ್ಲೂ ಇರಬಹುದು. ಅದಕ್ಕೆ ಪ್ರಮಾಣ ಇಳಿಸಬಹುದು, ಔಷಧ ಬದಲಿಸಬಹುದು. ಎಲ್ಲ ಕೇಳಿ ತಿಳಿದು, ಆಮೇಲೂ ಬೇಡವೆಂದರೆ ಅದು ಅವರ ಮೈ, ಅವರ ತೀರ್ಮಾನ. ನೀವು ಮಧ್ಯೆ ಬಾಯಿ ಹಾಕದೆ ಕೇಳಿ. ಕಿಮೋ ಬಿಟ್ಟರೂ ರೇಡಿಯೇಷನ್, ಹಾರ್ಮೋನ್ ಮಾತ್ರೆ ಇಂಥವುಗಳಲ್ಲಿ ಅವರಿಗೆ ಯಾವುದು ಉಳಿದಿದೆ ಎಂದು ಡಾಕ್ಟರನ್ನು ಕೇಳಿಕೊಂಡೇ ಹೊರಗೆ ಬನ್ನಿ.