ಬ್ಯಾಟರಿ ಮುಗಿದರೆ ಏನು ಗತಿ?

ಪ್ರಶ್ನೆ: ಮಾವನವರಿಗೆ ಪೇಸ್‌ಮೇಕರ್ (ಹೃದಯದ ಬಡಿತ ತಪ್ಪದಂತೆ ನೋಡಿಕೊಳ್ಳುವ ಪುಟ್ಟ ಯಂತ್ರ) ಹಾಕಬೇಕಂತೆ. ‘ಬ್ಯಾಟರಿ ಮುಗಿದ ದಿನ ನನ್ನ ಕಥೆಯೂ ಮುಗೀತು’ ಅಂತ ಹಟ ಹಿಡಿದು ಕೂತಿದ್ದಾರೆ. ಏನು ಹೇಳಲಿ?
– ಓದುಗರು, ತಿಪಟೂರು

ಉತ್ತರ: ಸ್ವೀಡನ್ನಿನ ಆರ್ನೆ ಲಾರ್ಸನ್ ಕಥೆ ಹೇಳಿ. ದಿನಕ್ಕೆ ಇಪ್ಪತ್ತು ಮೂವತ್ತು ಸಲ ಎಚ್ಚರ ತಪ್ಪುತ್ತಿದ್ದ ಮನುಷ್ಯ. ಹೆಂಡತಿ ಎಲ್ಸೆ ಮರೀ ಬೆನ್ನು ಬಿಡದೆ ಕಾಡಿದ್ದಕ್ಕೇ ಶಸ್ತ್ರವೈದ್ಯ ಓಕೆ ಸೆನಿಂಗ್, ಎಂಜಿನಿಯರ್ ರೂನೆ ಎಲ್ಮ್‌ಕ್ವಿಸ್ಟ್ ದೇಹದೊಳಗೆ ಇಡುವ ಪೇಸ್‌ಮೇಕರ್ ಮಾಡಿಕೊಡಲು ಒಪ್ಪಿದ್ದು. (ಇಂಥ ಹೆಂಗಸರ ಹೆಸರು ಇತಿಹಾಸದಲ್ಲಿ ಅಡಿಟಿಪ್ಪಣಿಗೆ ಇಳಿಯುವುದು ನನಗೆ ಸಿಟ್ಟು ಬರಿಸುತ್ತದೆ.) ಬೂಟ್ ಪಾಲಿಷ್ ಡಬ್ಬಿಯನ್ನೇ ಅಚ್ಚು ಮಾಡಿಕೊಂಡು, ಎರಡು ಟ್ರಾನ್ಸಿಸ್ಟರ್ ಮತ್ತು ಬ್ಯಾಟರಿ ಇಟ್ಟು ಎಪಾಕ್ಸಿ ರಾಳ ಸುರಿದರು. 1958ರ ಅಕ್ಟೋಬರ್ 8ರಂದು ಸ್ಟಾಕ್‌ಹೋಮ್‌ನಲ್ಲಿ ಅಳವಡಿಸಿದ ಆ ಯಂತ್ರ ಕೆಲವೇ ಗಂಟೆಗಳಲ್ಲಿ ಕೈಕೊಟ್ಟಿತು! ತಕ್ಷಣ ಇನ್ನೊಂದು ಹಾಕಿದರು. ಲಾರ್ಸನ್ ಬಳಸಿದ್ದು ಒಟ್ಟು 26. ತೀರಿಕೊಂಡದ್ದು 2001ರಲ್ಲಿ, 86ನೇ ವಯಸ್ಸಿಗೆ, ಚರ್ಮದ ಕ್ಯಾನ್ಸರಿನಿಂದ. ಅಷ್ಟರಲ್ಲಿ ವೈದ್ಯರೂ ಎಂಜಿನಿಯರೂ ಇಬ್ಬರೂ ಹೋಗಿಬಿಟ್ಟಿದ್ದರು.

ಹಳೆಯ ಪಾದರಸದ ಬ್ಯಾಟರಿ ಅನಿಲ ಬಿಡುತ್ತಿತ್ತು, ಹಾಗಾಗಿ ಪೂರ್ತಿ ಮುಚ್ಚುವಂತಿರಲಿಲ್ಲ. 1970ರ ದಶಕದಲ್ಲಿ ಬಂದ ಲಿಥಿಯಂ ಅಯೋಡಿನ್ ಬ್ಯಾಟರಿಗೆ ಆ ತೊಂದರೆಯಿಲ್ಲ. ಟೈಟೇನಿಯಂ ಕವಚದೊಳಗೆ ಬಿಗಿಯಾಗಿ ಮುಚ್ಚಬಹುದಾಯಿತು. ಈಗಿನವು ಸಾಮಾನ್ಯವಾಗಿ ಹತ್ತು ವರ್ಷದ ಆಸುಪಾಸು ಬರುತ್ತವೆ. ಬ್ಯಾಟರಿ ಇಳಿಯುತ್ತಿರುವುದು ತಪಾಸಣೆಯಲ್ಲಿ ತಿಂಗಳುಗಳ ಮೊದಲೇ ತಿಳಿಯುತ್ತದೆ. ಆಗ ಎದೆಯ ಚರ್ಮದಡಿಯ ಡಬ್ಬಿ ಬದಲಿಸುತ್ತಾರೆ, ಹೃದಯಕ್ಕೆ ಹೋಗುವ ತಂತಿ ಚೆನ್ನಾಗಿದ್ದರೆ ಅದನ್ನು ಮುಟ್ಟುವುದಿಲ್ಲ. ತಪಾಸಣೆ ಮಾತ್ರ ತಪ್ಪಿಸಬೇಡಿ. ಮೊಬೈಲ್ ಅಂಗಿಯ ಎದೆ ಜೇಬಿನಲ್ಲಿಡುವ ಅಭ್ಯಾಸವಿದ್ದರೆ ಈಗಲೇ ಬಿಡಿಸಿ.