ಹೊರಗೆ ನಿಲ್ಲಿಸಿದರೆ ಅವನಿಗೆ ಬೇಕಾದದ್ದೇ ಸಿಕ್ಕಂತಾಯಿತು

ಸುರಪುರ ತಾಲ್ಲೂಕಿನ ಸರ್ಕಾರಿ ಪ್ರಾಥಮಿಕ ಶಾಲೆಯ ಶಿಕ್ಷಕಿಯೊಬ್ಬರ ಪತ್ರದ ಸಾರ: ಮೂರನೇ ತರಗತಿಯಲ್ಲಿ ತಾಂಡಾದ ಹುಡುಗನೊಬ್ಬನಿದ್ದಾನೆ. ‘ಬರೀರಿ’ ಎಂದ ಕೂಡಲೇ ನೋಟ್‌ಬುಕ್ ಎಸೆಯುತ್ತಾನೆ, ಪಕ್ಕದವನಿಗೆ ಹೊಡೆಯುತ್ತಾನೆ. ಹೊರಗೆ ನಿಲ್ಲಿಸಿದರೆ ಸುಮ್ಮನಾಗುತ್ತಾನೆ, ಮರುದಿನ ಮತ್ತದೇ. ತಂದೆ-ತಾಯಿ ಪುಣೆಗೆ ದುಡಿಯಲು ಹೋಗಿದ್ದಾರೆ, ಅಜ್ಜಿಯ ಹತ್ತಿರ ಬೆಳೆಯುತ್ತಿದ್ದಾನೆ. ಅತ್ತರೆ ಅಜ್ಜಿ ಮೊಬೈಲ್ ಕೊಡುತ್ತಾರೆ. ಎರಡು ಏಟು ಹಾಕಿ ನೋಡಿದೆ, ಬದಲಾಗಲಿಲ್ಲ. ಟಿ.ಸಿ. ಕೊಟ್ಟು ಕಳಿಸೋಣ ಎನ್ನುತ್ತಾರೆ ಹೆಡ್‌ಮಾಸ್ತರು. ಏನು ಮಾಡಲಿ?

ಅಕ್ಕೋರೇ,

‘ಹೊರಗೆ ನಿಲ್ಲಿಸಿದರೆ ಸುಮ್ಮನಾಗುತ್ತಾನೆ’ ಎಂದು ಬರೆದಿದ್ದೀರಲ್ಲ, ಗುಟ್ಟು ಅಲ್ಲೇ ಇದೆ. ಬರೆಯುವುದು ತಪ್ಪಿತು, ಅದಕ್ಕೇ ಸುಮ್ಮನಾದ. ನಾವು ಶಿಕ್ಷೆ ಅಂದುಕೊಂಡದ್ದು ಅವನಿಗೆ ಬಿಡುಗಡೆ.

ಇದು ಹೌದೋ ಅಲ್ಲವೋ ಎಂದು ಮೊದಲು ಖಾತ್ರಿ ಮಾಡಿಕೊಳ್ಳಿ. ಒಂದು ಹಾಳೆಗೆ ಗೆರೆ ಎಳೆದು ನಾಲ್ಕು ಕಾಲಂ ಮಾಡಿ, ಐದು ದಿನ ಬರೆದಿಡಿ: ಎಷ್ಟು ಗಂಟೆ, ಮುಂಚೆ ಏನಾಗಿತ್ತು, ಅವನು ಏನು ಮಾಡಿದ, ಆಮೇಲೆ ಏನಾಯಿತು. ‘ಭಾಳ ಸಿಟ್ಟು ಮಾಡಿದ’ ಎಂದು ಬರೆದರೆ ಏನೂ ತಿಳಿಯುವುದಿಲ್ಲ. ‘11.40. ಬೋರ್ಡಿನ ಮೇಲಿನ ಆರು ಸಾಲು ಬರಕೋರಿ ಅಂದೆ. ಪೆನ್ಸಿಲ್ ಮುರಿದ, ಪಕ್ಕದವನ ಬೆನ್ನಿಗೆ ಗುದ್ದಿದ. ಹೊರಗೆ ಕಳಿಸಿದೆ, ಬೇವಿನ ಗಿಡದ ಕೆಳಗೆ ಕೂತ’ ಎಂದು ಬರೆಯಿರಿ. ಹಾಡಿನಲ್ಲಿ, ಬಾಯಿಲೆಕ್ಕದಲ್ಲಿ ಗಲಾಟೆಯಿಲ್ಲದೆ ಬರವಣಿಗೆಯಲ್ಲಿ ಮಾತ್ರ ಇದ್ದರೆ ಅವನು ಓಡುತ್ತಿರುವುದು ಬರವಣಿಗೆಯಿಂದ.

ಹಾಗಿದ್ದರೆ ಬರವಣಿಗೆ ಅವನಿಗೇಕೆ ಅಷ್ಟು ಕಷ್ಟ? ಬೋರ್ಡು ಕಾಣುತ್ತದೆಯೇ? ಮೊದಲ ಸಾಲಿನಲ್ಲಿ ಕೂಡಿಸಿ ನೋಡಿ. ಕಿವಿ ಸೋರುತ್ತದೆಯೇ? ಹಿಂದೆ ನಿಂತು ಮೆಲ್ಲಗೆ ಹೇಳಿದ ಮಾತನ್ನು ತಿರುಗಿ ಹೇಳುತ್ತಾನೆಯೇ? ಅನುಮಾನ ಬಂದರೆ ರಾಷ್ಟ್ರೀಯ ಬಾಲ ಸ್ವಾಸ್ಥ್ಯ ಕಾರ್ಯಕ್ರಮದ ವೈದ್ಯರ ತಂಡಕ್ಕೆ ತಿಳಿಸಿ. ಶಾಲೆಗೆ ವರ್ಷಕ್ಕೊಮ್ಮೆ ಬರುವ ಅವರಿಗಾಗಿ ಕಾಯುತ್ತ ಕೂರಬೇಡಿ. ಇನ್ನೊಂದು, ಮನೆಯಲ್ಲಿ ಲಂಬಾಣಿ ಆಡುವ ಮಗುವಿಗೆ ಕನ್ನಡದ ಉದ್ದುದ್ದ ಸೂಚನೆ ಅರ್ಧಕ್ಕೇ ಕೈತಪ್ಪಿರಬಹುದು. ಅದೇ ತಾಂಡಾದ ದೊಡ್ಡ ತರಗತಿಯ ಹುಡುಗಿಯಿಂದ ಒಮ್ಮೆ ಅವನ ಮಾತಿನಲ್ಲೇ ಹೇಳಿಸಿ ನೋಡಿ. ತಿಳಿಯದ್ದನ್ನು ‘ತಿಳಿಯಲಿಲ್ಲ’ ಎನ್ನಲು ಎಂಟು ವರ್ಷದ ಮಗುವಿಗೆ ನಾಚಿಕೆ. ನೋಟ್‌ಬುಕ್ ಎಸೆಯುವುದು ಅದಕ್ಕಿಂತ ಸುಲಭ.

ಇನ್ನು ತರಗತಿಯ ಕೆಲಸ. ಆರು ಸಾಲನ್ನು ಎರಡಕ್ಕೆ ಇಳಿಸಿ. ಹತ್ತಿರ ಹೋಗಿ, ಕುಕ್ಕರುಗಾಲಲ್ಲಿ ಕೂತು ಒಂದೇ ಮಾತು ಹೇಳಿ: ‘ಪೆನ್ಸಿಲ್ ತಗೋ.’ ಹೇಳಿದ ಮೇಲೆ ಹತ್ತು ಎಣಿಸುವಷ್ಟು ಹೊತ್ತು ಸುಮ್ಮನಿರಿ. ನಮ್ಮಲ್ಲಿ ಹೆಚ್ಚಿನವರು ಎಡವುವುದು ಇಲ್ಲೇ, ಮಗು ಕೈ ಚಾಚುವ ಮೊದಲೇ ಮೂರು ಸಲ ಹೇಳಿರುತ್ತೇವೆ. ತಗೊಂಡರೆ ಆಗಲೇ ಹೇಳಿ, ‘ಹೇಳಿದ ಕೂಡ್ಲೆ ತಗೊಂಡಿ, ಚಲೋ ಆತು.’ ಬರೀ ‘ಶಾಣ್ಯಾ’ ಎಂದರೆ ಯಾವುದಕ್ಕೆ ಹೊಗಳಿದಿರಿ ಎಂದು ಅವನಿಗೆ ಗೊತ್ತಾಗದು. ನಾಲ್ಕೈದು ದಿನ ಸರಾಗವಾಗಿ ಹೋದ ಮೇಲೆ ಮೂರು ಸಾಲು ಮಾಡಿ.

ಜೊತೆಗೆ ತಪ್ಪಿಸಿಕೊಳ್ಳಲು ಒಂದು ಮರ್ಯಾದೆಯ ದಾರಿ ಕಲಿಸಬೇಕು. ಅಂಗೈಯಷ್ಟು ರಟ್ಟಿನ ತುಂಡಿಗೆ ಕೆಂಪು ಬಣ್ಣ ಹಚ್ಚಿ ಅವನಿಗೆ ಕೊಡಿ. ಸಾಕೆನಿಸಿದಾಗ ಅದನ್ನು ಎತ್ತಿದರೆ ಮೂರು ನಿಮಿಷ ಬಿಡುವು: ಹೋಗಿ ನೀರು ಕುಡಿದು ಬರಬೇಕು, ಉಳಿದದ್ದು ಬರೆಯಬೇಕು. ಇದನ್ನು ಸಿಟ್ಟಿನ ಹೊತ್ತಿನಲ್ಲಿ ಕಲಿಸಲಾಗದು. ಬೆಳಿಗ್ಗೆ ಪ್ರಾರ್ಥನೆ ಮುಗಿದ ಮೇಲೆ ಐದಾರು ಸಲ ಆಟದಂತೆ ಮಾಡಿಸಿ. ಮೊದಲ ವಾರ ಎಷ್ಟು ಸಲ ಎತ್ತಿದರೂ ಬಿಡಿ. ‘ಈಗ ಬ್ಯಾಡ’ ಎಂದು ಒಂದು ಸಲ ತಡೆದರೂ ಸಾಕು, ರಟ್ಟಿಗಿಂತ ಗುದ್ದೇ ವಾಸಿ ಎಂದುಕೊಳ್ಳುತ್ತಾನೆ. ಎರಡನೇ ವಾರದಿಂದ ‘ಈ ಸಾಲು ಮುಗಿಸಿ ಹೋಗು’ ಎನ್ನಬಹುದು.

ಆದರೂ ಹೊಡೆದರೆ ಮೊದಲು ಪೆಟ್ಟು ತಿಂದ ಮಗುವಿನ ಕಡೆ ಹೋಗಿ. ಇವನ ರಟ್ಟೆ ಹಿಡಿದು ಎಳೆಯಬೇಡಿ, ಬುದ್ಧಿಮಾತೂ ಬೇಡ. ಸಮಾಧಾನವಾದ ಮೇಲೆ ಬಿಟ್ಟ ಕೆಲಸಕ್ಕೇ ಕೂಡಿಸಿ, ಒಂದೇ ಸಾಲಾದರೂ ಸರಿ. ಹೊರಗೆ ಕಳಿಸುವುದು ನಿಂತಾಗ ಮೊದಲ ಕೆಲವು ದಿನ ಗಲಾಟೆ ಜೋರಾಗುತ್ತದೆ. ಹಳೆಯ ಉಪಾಯ ನಡೆಯದಿದ್ದಾಗ ಮಗು ಇನ್ನೂ ಗಟ್ಟಿಯಾಗಿ ಪ್ರಯತ್ನಿಸುತ್ತದೆ. ಆಗ ಕೈಬಿಟ್ಟರೆ ಜೋರು ಮಾಡಿದಷ್ಟೂ ಲಾಭ ಎಂದು ಕಲಿಸಿದಂತೆ.

ಹೆಡ್‌ಮಾಸ್ತರರಿಗೆ ಶಿಕ್ಷಣ ಹಕ್ಕು ಕಾಯ್ದೆ, 2009 ತೋರಿಸಿ. 16ನೇ ಕಲಮಿನ ಪ್ರಕಾರ ಎಂಟನೇ ತರಗತಿ ಮುಗಿಯುವವರೆಗೆ ಮಗುವನ್ನು ಶಾಲೆಯಿಂದ ಹೊರಹಾಕುವಂತಿಲ್ಲ. 17ನೇ ಕಲಮು ಹೊಡೆತವನ್ನೂ ಮಾನಸಿಕ ಕಿರುಕುಳವನ್ನೂ ನಿಷೇಧಿಸುತ್ತದೆ. ಹಾಕಿದ ಆ ಎರಡು ಏಟನ್ನು ಮುಚ್ಚಿಡದೆ ಬರೆದಿದ್ದೀರಿ, ಅದಕ್ಕೆ ಗೌರವವಿದೆ. ಮತ್ತೆ ಬೇಡ.

ಮೂರು ವಾರವಾದರೂ ಇಳಿಯದಿದ್ದರೆ, ತನಗೆ ತಾನೇ ಪೆಟ್ಟು ಮಾಡಿಕೊಂಡರೆ, ಫಿಟ್ಸ್ ಬಂದರೆ ಯಾದಗಿರಿ ಜಿಲ್ಲಾ ಆಸ್ಪತ್ರೆಗೆ ಕರೆದೊಯ್ಯಲು ಹೇಳಿ. ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್ 14416ಕ್ಕೆ ನೀವೂ ಫೋನ್ ಮಾಡಬಹುದು, ದುಡ್ಡಿಲ್ಲ, ಕನ್ನಡದಲ್ಲೇ ಮಾತಾಡುತ್ತಾರೆ.

ಅಜ್ಜಿಯನ್ನು ದೂರಬೇಡಿ. ಹೊಲ-ಮನೆ ಎರಡೂ ಆ ವಯಸ್ಸಿನ ಹೆಗಲ ಮೇಲೆ ಬಿದ್ದಿರುತ್ತದೆ. ಒಂದೇ ಬದಲಾವಣೆ ಕೇಳಿಕೊಳ್ಳಿ: ಊಟ ಮಾಡಿ ಸುಮ್ಮನೆ ಕೂತಿದ್ದಾಗ ತಾವಾಗಿಯೇ ಇಪ್ಪತ್ತು ನಿಮಿಷ ಮೊಬೈಲ್ ಕೊಡಲಿ, ಅತ್ತಾಗ ಬೇಡ. ಹತ್ತು ನಿಮಿಷ ಅಳಿಸಿ ಕೊಡುವುದು ಕೇಳಿದ ಕೂಡಲೇ ಕೊಡುವುದಕ್ಕಿಂತ ಕೆಟ್ಟದ್ದು, ಹತ್ತು ನಿಮಿಷ ಅಳಬೇಕು ಎಂದು ಅದು ಕಲಿಸುತ್ತದೆ. ಪುಣೆಯಲ್ಲಿರುವ ತಂದೆ-ತಾಯಿಗೂ ಒಂದು ಮಾತು ಮುಟ್ಟಿಸಿ. ಫೋನಿನಲ್ಲಿ ಅಳು ನಿಲ್ಲಿಸಲು ‘ನಾಳಿಗಿ ಬರ್ತೀವಿ’ ಅನ್ನದಿರಲಿ. ಬರುವ ದಿನ ಗೊತ್ತಿದ್ದರೆ ನಿಮಗೆ ತಿಳಿಸಲಿ. ಕ್ಯಾಲೆಂಡರಿನಲ್ಲಿ ಆ ದಿನಕ್ಕೆ ಗುರುತು ಹಾಕಿ, ದಿನಕ್ಕೊಂದು ಮನೆಯನ್ನು ಅವನೇ ಹೊಡೆದುಹಾಕಲಿ.

— ಸಂಪಾದಕ